ಪಂಚಮಿಗೆ ಕರೆಯಲು ಬಂದವನು

ಮೊನ್ನೆ ನನ್ನ ಹೆಂಡತಿ ಪಂಚಮಿ ಉಂಡಿಗೆಂದು ಎಳ್ಳು ಹುರಿಯುತ್ತಿದ್ದಳು. ಡಬ್ಬಿಯೊಳಗೆ ಹಾಸಲು ಬಟ್ಟೆ ಹುಡುಕಿ ಕಪಾಟಿನಿಂದ ಒಂದು ಕುಪ್ಪಸದ ಖಣ ತೆಗೆದಳು. ಕೆಂಪು ದಡಿಯ, ಹಸಿರು ಒಡಲಿನ ಖಣ. ಮೂಸಿ ನೋಡಿದೆ. ಬೆಲ್ಲದ ವಾಸನೆ ಉಳಿದಿತ್ತೋ, ಒಲೆಯ ಮೇಲಿನದೇ ಬಂತೋ, ಹೇಳಲಾರೆ. ನನಗೆ ಮಾತ್ರ ಮೊಣಕಾಲು ಚುಳ್ ಎಂದಿತು.

ಮೊಣಕಾಲಿನ ಕಥೆ ಹೇಳದೆ ಖಣದ ಕಥೆ ಹೇಳಲಾಗದು. ಗದಗಿನ ಕಡೆಯವನಾದ ನಾನು ಆಗ ವರ್ಗವಾಗಿ ನಾಸಿಕದ ಬ್ಯಾಂಕೊಂದರಲ್ಲಿದ್ದೆ. ನಲವತ್ತೈದು ತುಂಬಿತ್ತು, ಹೊಟ್ಟೆಯೂ ತುಂಬಿ ಮುಂದೆ ಬಂದಿತ್ತು. ಯಾರೂ ಕೇಳದಿದ್ದರೂ, ನಾಸಿಕದಿಂದ ಔರಂಗಾಬಾದಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರಕ್ಕೆ, ನಾಲ್ಕು ದಿನದಲ್ಲಿ ಒಬ್ಬನೇ ಓಡಿ ಮುಟ್ಟುತ್ತೇನೆಂದು ಕಚೇರಿಯಲ್ಲೆಲ್ಲ ಸಾರಿಬಿಟ್ಟೆ. ಸಾರಿದ ಮೇಲೆ ಓಡದೆ ಗತಿ ಇರಲಿಲ್ಲ.

ಮೊದಲ ದಿನ ನಿಫಾಡ ದಾಟುವಾಗ ಉಳ್ಳಾಗಡ್ಡಿ ಲಾರಿಯೊಂದು ನಿಂತಿತು. "ಕಾಯ್ ಸಾಹೇಬ್, ಗಾಡಿ ಚುಕಲೀ ಕಾ?" ಎಂದ ಚಾಲಕ. ಬಸ್ಸು ತಪ್ಪಿತೇ ಎಂದು ಕೇಳುತ್ತಿದ್ದ. ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ನನ್ನ ಮುಖವನ್ನೇ ಮರುಕದಿಂದ ನೋಡಿ, ನೀರಿನ ಬಾಟಲಿ ಕೈಗಿಟ್ಟು ಹೋದ. ನನಗೆ ತಲೆ ಕೆಟ್ಟಿದೆಯೋ ಎಂಬ ಅವನ ಸಂಶಯ ನನಗೂ ಹತ್ತಿಕೊಂಡಿತು. ಆದರೂ ಎರಡನೆಯ ದಿನ ಸಂಜೆ ಹೇಗೋ ಯೇವಲಾ ಸೇರಿ, ಲಾಡ್ಜಿನಲ್ಲಿ ಸತ್ತವನಂತೆ ಮಲಗಿದೆ.

ಮರುದಿನ ಬೆಳಿಗ್ಗೆ ನೇಕಾರರ ಓಣಿ ಹಿಡಿದು ಹೊರಟೆ. ದಣಿದಾಗ ಹೆಜ್ಜೆ ಎಣಿಸುವುದು ನನ್ನ ಚಟ. ಬ್ಯಾಂಕಿನಲ್ಲಿ ಇಂಗ್ಲಿಷು, ಸಂತೆಯಲ್ಲಿ ಮರಾಠಿ, ಆದರೆ ಹೆಜ್ಜೆ ಎಣಿಸಲು ನನಗೆ ಕನ್ನಡವೇ ಆಗಬೇಕು. "ನಲವತ್ತೊಂದ, ನಲವತ್ತೆರಡ..." ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದೆನೆಂದು ಕಾಣುತ್ತದೆ. ಮಗ್ಗದ ಸದ್ದಿನ ಮನೆಯೊಂದರಿಂದ ಅರವತ್ತು ದಾಟಿದ ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿಬಂದು ನನ್ನ ತೋಳು ಹಿಡಿದಳು.

"ತಮ್ಮಾ, ನಮ್ಮ ಕಡ್ಯಾಂವೇನೋ? ನನ್ನ ಕರಿಯಾಕ ಬಂದಿಯೇನೋ?"

ಪಂಚಮಿಗೆ ಎರಡೇ ದಿನವಿತ್ತು. ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಬರುತ್ತಾರೆ. ಆ ದಿನಗಳಲ್ಲಿ ಕನ್ನಡ ಆಡುತ್ತ ಬಾಗಿಲ ಮುಂದೆ ಗಂಡಸೊಬ್ಬ ಬಂದರೆ ಅವಳು ಇನ್ನೇನೆಂದು ತಿಳಿದಾಳು? ಹಿಂದೆಯೇ ಬಂದ ಸೊಸೆ, "ಆಯೀ, ಅವರು ಯಾರೋ ಓಡುವವರು" ಎಂದು ಮರಾಠಿಯಲ್ಲಿ ತಿಳಿಹೇಳಿದಳು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ನಗು ಬಂತು, ಕಣ್ಣೀರೂ ಬಂತು.

"ಖರೇ ಐತಿ ಬಿಡು. ಚಡ್ಡಿ ಮ್ಯಾಲ ಯಾರರ ಕರಿಯಾಕ ಬರ್ತಾರ?"

ಅವಳ ತವರು ಗುಳೇದಗುಡ್ಡ, ಖಣ ನೇಯುವವರ ಮನೆತನ. ಇದ್ದೊಬ್ಬ ತಮ್ಮ ತೀರಿದ ಮೇಲೆ ಯಾರೂ ಕರೆಯಲು ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂರಿಸಿ, "ಮಾತಾಡೋ ತಮ್ಮಾ. ಏನರ ಮಾತಾಡು. ಆಗಳೆ ಎಣಸಾಕತ್ತಿದ್ದೆಲ್ಲ, ಅದನ್ನರ ಎಣಸು" ಎಂದಳು.

ಅಯ್ಯೋ, ನಾನು ಎಂಥ ದಡ್ಡ! ಗಡಿಯಾರ ನೋಡಿಕೊಂಡೆ. ಬಿಸಿಲೇರುವ ಮುಂಚೆ ವೈಜಾಪುರದ ಹಾದಿ ಹಿಡಿಯಬೇಕಿತ್ತು. "ಹೊತ್ತಾತ್ರೀ ಅಕ್ಕಾರ. ಮುಂದಿನ ಪಂಚಮಿಗೆ ನಾನ ಬರ್ತೀನಿ, ಪ್ಯಾಂಟ್ ಹಾಕ್ಕೊಂಡು, ಕರಿಯಾಕ" ಎಂದೆ. ಚೇಷ್ಟೆಗೆ ಅಂದಿದ್ದು. ಅವಳು ನಗಲಿಲ್ಲ. ಒಳಗೆ ಹೋಗಿ ನಾಲ್ಕು ಎಳ್ಳುಂಡಿ ಖಣದಲ್ಲಿ ಕಟ್ಟಿ ತಂದಳು. "ಖಣ ನಿನ್ನ ಹೇಣ್ತಿಗೆ ಕೊಡು. ಅಕ್ಕ ಕೊಟ್ಟಾಳ ಅಂತ ಹೇಳು."

ಓಟ ಮುಗಿಯಿತು. ಕಚೇರಿಯಲ್ಲಿ ಹಾರ ಹಾಕಿದರು. ಆ ಹಾರ ಏನಾಯಿತೋ ನೆನಪಿಲ್ಲ. ಮರಳುವಾಗ ಬಸ್ಸು ಯೇವಲಾದಲ್ಲಿ ಹತ್ತು ನಿಮಿಷ ನಿಂತಿತ್ತು. ಕಾಲಿನ ಬೊಕ್ಕೆಗಳ ನೆಪ ಮಾಡಿಕೊಂಡು ನಾನು ಇಳಿಯಲಿಲ್ಲ. ಮುಂದಿನ ಪಂಚಮಿಯ ಹೊತ್ತಿಗೆ ಊರಿಗೆ ವರ್ಗವಾಯಿತು. ಖಣವನ್ನು ಹೆಂಡತಿಗೆ ಕೊಟ್ಟಿದ್ದೆ, ನಿಜ. ಆದರೆ "ದಾರಿಯಲ್ಲಿ ಯಾರೋ ಕೊಟ್ಟರು" ಎಂದಷ್ಟೇ ಹೇಳಿದ್ದೆ. ಪ್ರತಿ ಶ್ರಾವಣದಲ್ಲಿ ಎಳ್ಳಿನ ವಾಸನೆ ಬಂದಾಗಲೆಲ್ಲ ಆ ಕಟ್ಟೆಯ ಮೇಲೆ ಇನ್ನೊಂದು ತಾಸು ಕೂರಬಾರದಿತ್ತೇ ಎಂದು ಜೀವ ಹಂಬಲಿಸುತ್ತದೆ.

ಮೊನ್ನೆ ಎಲ್ಲವನ್ನೂ ಹೇಳಿದೆ. ನನ್ನವಳು ಹುರಿಯುವುದನ್ನು ನಿಲ್ಲಿಸಿದಳು.

"ಕರಿಯಾಕ ಬರ್ತೀನಂತ ಹೇಳಿ ಬಂದೀರಿ. ಆ ಹೆಣ್ಣಮಗಳು ಹನ್ನೆರಡ ವರ್ಷ ಹಾದಿ ನೋಡಿರಂಗಿಲ್ಲೇನ್ರಿ?"

"ಈಗ ಇದ್ದಾರೋ ಇಲ್ಲೋ..."

"ಇದ್ದರ ಕರಕೊಂಡ ಬರೂಣು. ಇಲ್ಲಂದ್ರ ಅವರ ಸೊಸಿಗೆ ಖಣ ಕೊಟ್ಟು ಬರೂಣು. ಟಿಕೆಟ್ ತಗಸ್ರಿ. ಹೋಗಾಕ ಎರಡು, ಬರಾಕ ಮೂರು."

ಫೋನಿನಲ್ಲಿ, ಯೇವಲಾಕ್ಕೆ ಹತ್ತಿರದ ರೈಲು ನಿಲ್ದಾಣವಾದ ಮನ್ಮಾಡಿಗೆ ಎರಡು ಟಿಕೆಟು ತೆಗೆದೆ. ಮರಳಿ ಬರುವ ಮೂರನ್ನು ತೆಗೆಯಲು ಕೂತಾಗ ಮೂರನೆಯ ಪ್ರಯಾಣಿಕರ ಹೆಸರು ಬರೆಯಿರಿ ಎಂದು ಕೇಳಿತು. ಬೆರಳು ನಿಂತುಬಿಟ್ಟಿತು. ಅವಳ ಊರು ಕೇಳಿದ್ದೆ, ಉಂಡಿ ತಿಂದಿದ್ದೆ, ಅಕ್ಕ ಎಂದಿದ್ದೆ. ಹೆಸರು ಕೇಳಿರಲಿಲ್ಲ.

ಆ ಮೂರು ಟಿಕೆಟು ಇನ್ನೂ ತೆಗೆದಿಲ್ಲ. ನಾಳೆ ಹೊರಡುತ್ತೇವೆ. ಪ್ಯಾಂಟು ಇಸ್ತ್ರಿ ಮಾಡಿಸಿಟ್ಟಿದ್ದೇನೆ. ಹೋಗಿ ಆ ಕಟ್ಟೆಯ ಮೇಲೆ ಕೂತು, ಮೊದಲು ಹೆಸರು ಕೇಳುತ್ತೇನೆ.