ಆಟದ ಪೀರಿಯಡ್ ಕಿತ್ತುಕೊಂಡವರು

ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಅವರನ್ನು ಮಕ್ಕಳೆಲ್ಲ ಸೀಟಿ ಟೀಚರ್ ಎಂದೇ ಕರೆಯುತ್ತಿದ್ದರು. ಈ ತುದಿಯಲ್ಲಿ ನಿಂತು ಸೀಟಿ ಊದಿದರೆ ಆ ತುದಿಯ ಗೋಡೆ ಹತ್ತಿದವರು ತಾವಾಗಿಯೇ ಇಳಿಯಬೇಕು, ಅಂಥ ಉಸಿರು. ಮದುವೆಯಾಗದೆ ತಂಗಿಯ ಮನೆಯಲ್ಲೇ ಇದ್ದ ಅವರಿಗೆ ತಂಗಿಯ ಮಗಳೆಂದರೆ ಪಂಚಪ್ರಾಣ. ಅದೇ ಶಾಲೆಯಲ್ಲಿ ಓದುತ್ತಿದ್ದ ಆ ಹುಡುಗಿ ಓಟಕ್ಕೆ ನಿಂತಳೆಂದರೆ ಉಳಿದವರೆಲ್ಲ ಎರಡನೇ ಬಹುಮಾನಕ್ಕೆ ಕಿತ್ತಾಡಬೇಕಿತ್ತು. ಓದಿನಲ್ಲೂ ಚುರುಕು.

ಹೆಡ್ ಮೇಡಂಗೆ ಶಾಲೆಯ ಹೆಸರಿನಲ್ಲಿ ರೀಲ್ಸ್ ಹಾಕುವ ಹುಚ್ಚು ಹಿಡಿಯಿತು. ಪ್ರಚಾರವಾದರೆ ಅಡ್ಮಿಶನ್ ಹೆಚ್ಚುತ್ತದಂತೆ. ಅದಕ್ಕೆ ಬಲಿ ಬಿದ್ದದ್ದು ಆಟದ ಪೀರಿಯಡ್. ಮಕ್ಕಳು ಓಡುವುದು ಬಿಟ್ಟು ಕ್ಯಾಮೆರಾ ಮುಂದೆ ಓಡಿದಂತೆ ನಟಿಸತೊಡಗಿದರು. ಲಕ್ಷಣವಾಗಿದ್ದ ತಂಗಿಯ ಮಗಳೇ ಎಲ್ಲದರಲ್ಲೂ ಮುಂದೆ. ಮನೆಗೆ ಬಂದರೂ ಎಷ್ಟು ಲೈಕ್ ಬಂತು, ಯಾರು ಏನಂದರು, ಅದೇ ಜಪ. ತಟ್ಟೆಯ ಪಕ್ಕ ಫೋನು, ದಿಂಬಿನಡಿ ಫೋನು.

"ಸಾಕು, ಇಡೇ ಅದನ್ನ!"

"ಮೇಡಂ ಹೇಳಿದ್ದಾರೆ ದೊಡ್ಡಮ್ಮ, ಹಾಕ್ಲೇಬೇಕು!"

ವರ್ಷ ತುಂಬುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು. ಗಣಿತದಲ್ಲಿ ಫೇಲು.

ಪೋಷಕರ ಸಭೆಯಲ್ಲಿ ಸೀಟಿ ಟೀಚರ್ ತಂಗಿಯನ್ನು ಹೆಡ್ ಮೇಡಂ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು. "ಏನಮ್ಮಾ, ಮಗಳ ಕೈಗೆ ಫೋನ್ ಕೊಟ್ಟು ಕೂತ್ರೆ ಆಯ್ತಾ? ಮನೇಲಿ ಶಿಸ್ತು ಬೇಡ್ವಾ?"

ತಂಗಿ ತಲೆ ತಗ್ಗಿಸಿದಳು. ಹಿಂದೆ ಕುರ್ಚಿ ಜೋಡಿಸುತ್ತಿದ್ದ ಸೀಟಿ ಟೀಚರ್‌ಗೆ ಮೈಯೆಲ್ಲ ಉರಿದುಹೋಯಿತು.

"ಫೋನ್ ಹಿಡಿಸಿದ್ದು ಯಾರು ಮೇಡಂ? ನನ್ನ ಪೀರಿಯಡ್ ಕಿತ್ಕೊಂಡು ಮಕ್ಕಳನ್ನ ಕುಣಿಸಿದ್ದು ಯಾರು? ಇವಳ ಮಗಳ ಮುಖ ತೋರ್ಸಿ ಸೀಟು ತುಂಬಿಸ್ಕೊಂಡ್ರಿ. ಈಗ ತಪ್ಪು ನನ್ನ ತಂಗೀದಾ? ಮಗೂನ ಚಿವುಟೋರೂ ನೀವೇ, ತೊಟ್ಟಿಲು ತೂಗೋರೂ ನೀವೇ!"

"ಇದು ಇಲ್ಲಿ ಮಾತಾಡೋ ವಿಷಯ ಅಲ್ಲ."

"ಅವಳ ಮರ್ಯಾದೆ ತೆಗೆಯೋಕೆ ಇದೇ ಜಾಗ ಆಯ್ತಲ್ಲ!"

ಮರುದಿನವೇ ಅವರನ್ನು ಮೈದಾನದಿಂದ ತೆಗೆದು, ಗೇಟಿನ ಬಳಿ ಮಕ್ಕಳನ್ನು ಬಸ್ಸು ಹತ್ತಿಸುವ ಕೆಲಸಕ್ಕೆ ಹಾಕಿದರು. ಯಾರೆದುರೂ ದನಿಯೇರಿಸದ ತಂಗಿ ಆಗ ಸೆರಗು ಬಿಗಿದಳು. ಇನ್ನಷ್ಟು ತಾಯಂದಿರನ್ನು ಕೂಡಿಸಿಕೊಂಡು ಆಡಳಿತ ಮಂಡಳಿಯ ಬಾಗಿಲಲ್ಲಿ ಕೂತಳು. "ನಮ್ಮ ಮಕ್ಕಳ ವಿಡಿಯೋ ಅಳಿಸಿ, ಆಟ ವಾಪಸ್ ಕೊಡಿ. ಇಲ್ಲಾಂದ್ರೆ ಬೇರೆ ಶಾಲೆಗೆ ಹಾಕ್ತೀವಿ."

ಆ ಕೊನೆಯ ಮಾತು ಕೇಳಿದ್ದೇ ತಡ, ಮಂಡಳಿಯವರಿಗೆ ಮಕ್ಕಳ ಆರೋಗ್ಯದ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿತು. ವಿಡಿಯೋ ಅಳಿಸಿದರು. ಸೀಟಿ ಟೀಚರ್ ಮೈದಾನಕ್ಕೆ ಮರಳಿದರು. ತಪ್ಪಾಯಿತು ಎಂದು ಮಾತ್ರ ಯಾರೂ ಅನ್ನಲಿಲ್ಲ.

ಮೊದಲ ದಿನ ಹುಡುಗಿ ಅರ್ಧ ಸುತ್ತಿಗೇ ಕುಸಿದು ಕೂತಳು.

"ಆಗ್ತಿಲ್ಲ ದೊಡ್ಡಮ್ಮ. ಮೊದ್ಲು ಆಗ್ತಿತ್ತಲ್ವಾ?"

ಆರಿತೆಂದುಕೊಂಡಿದ್ದ ಸಿಟ್ಟು ಮತ್ತೆ ಭುಗಿಲೆಂದಿತು. ಅದನ್ನು ನುಂಗಿಕೊಂಡು ಅವರು ಕೈ ಚಾಚಿದರು.

"ಏಳು ಪುಟ್ಟಾ. ಉಳಿದರ್ಧ ನಡೆದೇ ಮುಗಿಸೋಣ."