ತೆರವಾದ ಮನೆಯ ಕೀಲಿಕೈ

ಒಂದೇ ಕಂಪ್ಯೂಟರಿನ ಒಡಲಲ್ಲಿ ಹತ್ತಾರು ಕಂಪ್ಯೂಟರುಗಳು, ವಠಾರದ ಬಾಡಿಗೆದಾರರಂತೆ, ಒಬ್ಬರ ಗೋಡೆಯನ್ನು ಇನ್ನೊಬ್ಬರು ದಾಟದೆ ಬಾಳಬೇಕು. ಆ ಗೋಡೆಗಳನ್ನು ಕಾಯುವುದು ಕರ್ನಲ್ ಎಂಬ ಮೂಲ ತಂತ್ರಾಂಶ. ಮೂವತ್ತೊಂದು ವರ್ಷ ಅದರ ಕಾವಲಿಗೆ ನಿಂತು ಈಗ ನಿವೃತ್ತರಾಗಿರುವ ಹಿರಿಯ ಇಂಜಿನಿಯರೊಬ್ಬರನ್ನು ನಾವೆಲ್ಲ ಕರೆಯುವುದು ದೊಡ್ಡಮ್ಮ ಎಂದೇ. ನಮ್ಮ ಕ್ಷೇತ್ರದಲ್ಲಿ ಬರೆಯುವವರು ಬೇಕಾದಷ್ಟು ಮಂದಿ, ಬರೆದದ್ದನ್ನು ಓದುವವರು ವಿರಳ. ದೊಡ್ಡಮ್ಮ ಓದುವವರು.

ಶುಕ್ರವಾರ ಮಧ್ಯಾಹ್ನ ಕಿಟಕಿ ಪಕ್ಕದ ಉದ್ದ ಮೇಜಿನ ಸುತ್ತ ನಮ್ಮನ್ನು ಕೂರಿಸಿ, ಹೊಸ ಕೋಡನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿಸುತ್ತಿದ್ದರು. ಕೋಡಿನ ಒಂದೊಂದು ಭಾಗಕ್ಕೆ ನಮ್ಮಲ್ಲಿ ಒಬ್ಬೊಬ್ಬರು. ಮೆಮೊರಿಯ ತುಣುಕೆಂದರೆ ಬಾಡಿಗೆಯ ಮನೆ; ಅದನ್ನು ಪಡೆದ ಭಾಗದವರ ಕೈಗೆ ಹಳೆಯ ಬೀರುವಿನದೊಂದು ತುಕ್ಕು ಹಿಡಿದ ಕೀಲಿ. ತುಣುಕನ್ನು ಬಿಟ್ಟುಕೊಟ್ಟೊಡನೆ ಕೀಲಿ ದೊಡ್ಡಮ್ಮ ಹಿಡಿದ ಡಬ್ಬಿಗೆ ಮರಳಬೇಕು. ಹೊಸಬರು ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕವಳೇ.

ನಾನು ಸೇರಿದ ಎರಡನೆಯ ವರ್ಷ, ಹೊಸ ಆವೃತ್ತಿಯ ಬಿಡುಗಡೆಯ ಆತುರದಲ್ಲಿ ಮ್ಯಾನೇಜರು ಒಂದು ವಾರದ ಓದನ್ನು ರದ್ದು ಮಾಡಿದರು. ನಾನು ಬರೆದ ಕೋಡು ಮೇಲುನೋಟದಲ್ಲೇ ಪಾಸಾಯಿತು. ಆರು ತಿಂಗಳ ನಂತರ ಬೇರಾವುದೋ ಕಾರಣಕ್ಕೆ ಅದನ್ನೇ ಓದಲು ಕುಳಿತಾಗ, ತುಣುಕು ತೆರವಾದ ಸಾಲು ದಾಟಿದ್ದೆವು. ದೊಡ್ಡಮ್ಮ ಕೈ ಎತ್ತಿದರು.

"ಮನೆ ಖಾಲಿ ಆಯ್ತು. ಕೀಲಿ ಇನ್ನೂ ನಿನ್ನ ಕೈಲೇ ಇದ್ಯಲ್ಲೇ ಮರಿ."

ಯಾರೂ ನಗಲಿಲ್ಲ. ಆ ಮನೆಗೆ ಹೊಸ ಬಾಡಿಗೆದಾರರು ಬಂದಿರುತ್ತಾರೆ, ಹಳೆಯ ಬಾಡಿಗೆದಾರ ಬಾಗಿಲು ತೆಗೆದು ಅವರ ಪೆಟ್ಟಿಗೆಗಳಿಗೆ ಕೈಹಾಕಬಲ್ಲ. ನಮ್ಮ ಕರ್ನಲ್ಲನ್ನು ನೆಚ್ಚಿದವರಲ್ಲಿ ಆಸ್ಪತ್ರೆಗಳೂ ಇದ್ದವು.

ಮ್ಯಾನೇಜರು ದಾರಿ ಕಂಡುಕೊಂಡರು: ಸದ್ದಿಲ್ಲದೆ ಸರಿಪಡಿಸುವುದು, ನನ್ನನ್ನು ಮನೆಗೆ ಕಳಿಸುವುದು. ಮೇಲಿನವರ ಆತುರಕ್ಕೆ ಕೆಳಗಿನವರ ತಲೆದಂಡ. ಈ ನ್ಯಾಯಕ್ಕೆ ನಾನು ಅಂದೂ ತಲೆಬಾಗಲಿಲ್ಲ, ಇಂದೂ ಬಾಗುವುದಿಲ್ಲ. ಆದರೆ ಅಂದು ಮಾತಾಡಿದವರು ದೊಡ್ಡಮ್ಮ, ದನಿ ಏರಿಸದೆ:

"ಬರೆದಿದ್ದು ಇವಳು. ಸರಿಯಾಗಿದೆ ಅಂತ ಸಹಿ ಹಾಕಿದ್ದು ನಾನು. ಓದೋದೇ ಬೇಡ ಅಂದಿದ್ದು ನೀವು. ಪಟ್ಟಿ ಮಾಡೋದಾದ್ರೆ ಮೂರೂ ಹೆಸರು ಬರೀರಿ ಸಾರ್."

ಪಟ್ಟಿ ಆಗಲಿಲ್ಲ. ದೋಷವನ್ನೂ ತಿದ್ದುಪಡಿಯನ್ನೂ ಬಳಕೆದಾರರಿಗೆಲ್ಲ ತಿಳಿಸಲಾಯಿತು. ಎರಡೇ ಸಾಲಿನ ಆ ತಿದ್ದುಪಡಿಯನ್ನು ದೊಡ್ಡಮ್ಮ ನನ್ನ ಕೈಯಿಂದಲೇ ಬರೆಸಿ, ನನ್ನಿಂದಲೇ ಓದಿಸಿದರು. ಅಂದಿನಿಂದ ಒಂದು ಶುಕ್ರವಾರವೂ ತಪ್ಪಿಲ್ಲ. ನನ್ನ ಕೆಲಸ ಉಳಿದದ್ದಷ್ಟೇ ಅಲ್ಲ, ಇಂದು ಆ ಮೇಜಿನ ತುದಿಯಲ್ಲಿ ಡಬ್ಬಿ ಹಿಡಿದು ಕೂರುವವಳು ನಾನೇ.

ಕಡೆಯ ದಿನ ಹೂಗುಚ್ಛವನ್ನು ಕಂಕುಳಲ್ಲಿ ಅವುಚಿಕೊಂಡೇ ದೊಡ್ಡಮ್ಮ ತಮ್ಮ ಪಾಸ್‌ವರ್ಡು, ಬಾಗಿಲ ಕಾರ್ಡು ಎಲ್ಲ ರದ್ದಾದವೇ ಎಂದು ಒಂದೊಂದಾಗಿ ಪರೀಕ್ಷಿಸಿದರು. ಮೂಲೆಯ ಹಳೆಯ ಕಂಪ್ಯೂಟರೊಂದು ಮಾತ್ರ ಅವರ ಪಾಸ್‌ವರ್ಡನ್ನು ಒಪ್ಪಿ ಸಲೀಸಾಗಿ ಒಳಬಿಟ್ಟಿತು. "ನೋಡ್ರೋ, ಉಳಿದುಹೋದ ಕೀಲಿ ನಾನೇ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನೂ ಅಳಿಸಿಯೇ ಹೊರಟರು.

ದೊಡ್ಡಮ್ಮನವರು ನೂರು ವರ್ಷ ಹೀಗೆಯೇ ನಗುತ್ತಾ, ಓದುತ್ತಾ ಬಾಳಲಿ. ಅವರ ಕೀಲಿಗಳನ್ನೆಲ್ಲ ನಾವು ತಪ್ಪದೆ ಹಿಂಪಡೆದಿದ್ದೇವೆ. ಅವರು ಕಲಿಸಿದ್ದೇ ಹಾಗೆ. ಶುಕ್ರವಾರ ಮಧ್ಯಾಹ್ನ ಬಂದು ಬಾಗಿಲು ತಟ್ಟಲಿ, ಸಾಕು. ಕುರ್ಚಿ ಬಿಟ್ಟು ಎದ್ದು ಬಂದು ನಾನೇ ತೆರೆಯುತ್ತೇನೆ.