ಹನ್ನೆರಡನೆಯ ನೆರಳು

ಅವರ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕಿರುಬೆರಳಿನ ಬುಡದ ಗೆಣ್ಣಿನಿಂದ ಶುರುವಾಗಿ, ಬೆರಳಿಗೆ ಮೂರರಂತೆ ನಾಲ್ಕೂ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತಾ ತೋರುಬೆರಳ ತುದಿಗೆ ಬಂದು ನಿಲ್ಲುತ್ತಿತ್ತು. ಹನ್ನೆರಡು. ಮತ್ತೆ ಮೊದಲಿನಿಂದ. ಎಷ್ಟು ವರ್ಷ ಹಾಗೆ ಉಜ್ಜಿದ್ದರೋ, ಹೆಬ್ಬೆರಳ ತುದಿಯ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು.

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಆಸುಪಾಸಿನವರೆಲ್ಲ ಅದನ್ನು ಜಪ ಅಂದುಕೊಂಡಿದ್ದರು. “ರಾಮನಾಮವ ಬಾಯಲ್ಲೇ ಯೋಳ್ಬೇಕು ಅಂತೇನಿಲ್ಲ ಕಣವ್ವ, ಮಿಲ್ಟ್ರಿ ಮಾವನ ನೋಡು, ಬೆರಳಲ್ಲೇ ಮಡಿಕಂಡವ್ರೆ” ಎನ್ನುತ್ತಿದ್ದಳು ನಮ್ಮ ಬಾಗಿಲಲ್ಲಿ ಕೂರುವ ಹೂವಿನವಳು. ನಾನೂ ನಂಬಿದ್ದೆ. ನನ್ನಂಥ ಬಾಯಿಬಡುಕಿ ಎಂಟು ವರ್ಷ ಎದುರಿಗೇ ಕೂತು ಒಂದು ಸಲವೂ ಕೇಳಲಿಲ್ಲವಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಿಲ್ಟ್ರಿ ಮಾವ ಎನ್ನುವುದು ಊರು ಇಟ್ಟ ಹೆಸರು. ಅವರು ಮಿಲ್ಟ್ರಿಯವರೇ ಅಲ್ಲ. ಉತ್ತರದ ಕಡೆ ಯಾವುದೋ ಊರಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. “ಮಿಲ್ಟ್ರಿ ಅಲ್ಲ ಕಣ್ರಪ್ಪ, ಇಸ್ಕೂಲು” ಎಂದು ಮೊದಮೊದಲು ತಿದ್ದಿದರಂತೆ. ಖಾಕಿ ಪ್ಯಾಂಟು, ಕತ್ತರಿಸಿದ ಮೀಸೆ, ಹಿಂದಿ ಬರುತ್ತದೆ. ಇನ್ನೇನು ಬೇಕು ನಮ್ಮ ಊರಿಗೆ? ಸುಸ್ತಾಗಿ ಬಿಟ್ಟುಬಿಟ್ಟರು. ಹೆಂಡತಿ ಮಕ್ಕಳು ಇರಲಿಲ್ಲ. ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಅಣ್ಣತಮ್ಮಂದಿರಿದ್ದರೂ ಅಲ್ಲಿಗೆ ಹೋಗದೆ ನಮ್ಮ ಬೀದಿಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು.

ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟು. ಹತ್ತು ಮಿಷನ್ನು, ದಿನಕ್ಕೊಂದು ಕೆಡುತ್ತಿತ್ತು. ರಿಪೇರಿಗೆ ಬರುತ್ತಿದ್ದವರು ಅವರು. ಕೀಲಿ ಒಂದು ಕೆಟ್ಟಿದ್ದರೆ ಇಡೀ ಮಿಷನ್ನನ್ನು ಬಿಚ್ಚಿ ಹೊಟ್ಟೆಯೊಳಗಿನ ಧೂಳು ತೆಗೆಯುವರು. “ಅಲ್ಲೇನ್ ಕಾಣುತ್ತೆ ಮಾವ, ಬುಡಿ” ಎಂದರೆ, “ಕಾಣ್ದಿರೋ ಜಾಗನೇ ಮೊದ್ಲು ಮಾಡ್ಬೇಕು ಕಣವ್ವ. ಕಾಣೋ ಜಾಗನ ಯಾರ್ ಬೇಕಾದ್ರೂ ನೋಡ್ಕತಾರೆ” ಎನ್ನುವರು. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಎಣಿಸದೆ ಎದ್ದದ್ದೇ ಇಲ್ಲ.

ಅವರ ಕೋಣೆಯಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಒಂದೊಂದು ಉಪಕರಣದ ಆಕಾರವನ್ನೂ ಹಳದಿ ಬಣ್ಣದಲ್ಲಿ ಬರೆದು, ಅದರ ಮೇಲೆ ಮೊಳೆಗೆ ಅದೇ ಉಪಕರಣವನ್ನು ತೂಗುಹಾಕಿದ್ದರು. ವಿಮಾನದ ಶೆಡ್ಡಿನಲ್ಲಿ ಹೀಗೇ ಇಡುವುದಂತೆ. ಆ ಆಕಾರಕ್ಕೆ ಅವರು ನೆರಳು ಎನ್ನುತ್ತಿದ್ದರು. ಯಾವ ನೆರಳು ಖಾಲಿ ಇದೆಯೋ ಆ ಉಪಕರಣ ಇನ್ನೂ ವಿಮಾನದೊಳಗೇ ಇದೆ ಎಂದರ್ಥ. ಎಲ್ಲ ನೆರಳೂ ತುಂಬಿ, ಪುಸ್ತಕದಲ್ಲಿ ಮೆಕ್ಯಾನಿಕ್ ಸೈನ್ ಹಾಕುವ ತನಕ ವಿಮಾನ ಜಾಗ ಬಿಟ್ಟು ಅಲ್ಲಾಡುವಂತಿಲ್ಲ. ಅವರ ಹಲಗೆಯಲ್ಲಿ ನೆರಳು ಹನ್ನೆರಡು, ಉಪಕರಣ ಹನ್ನೊಂದು. ಕಡೆಯದು ಸಣ್ಣದೊಂದು ಸ್ಪ್ಯಾನರಿನ ನೆರಳು, ಖಾಲಿ. ಕಳೆದುಹೋಗಿರಬೇಕು ಎಂದುಕೊಂಡು ನಾನು ಮುಂದಕ್ಕೆ ಯೋಚಿಸಲಿಲ್ಲ.

ತೊಂಬತ್ತೇಳರ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. ನಾನೊಂದು ಕಂಪ್ಯೂಟರ್ ತಂದೆ. ಅದರ ಜೊತೆ ಬಂದ ಸೀಡಿಗಳಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಆಟವೆಂದರೆ ಮಾವ ರೇಗುತ್ತಿದ್ದರು. ಕೂತಲ್ಲೇ ವಿಮಾನ ಓಡಿಸಿದ ಹಾಗೆ ಆಗುವ, ಕಲಿಯುವವರಿಗೆ ಮಾಡಿದ ಸಾಧನ ಅದು ಎನ್ನುವರು. ನಮ್ಮದೇ ವಿಮಾನವನ್ನು ರಚಿಸಿ ಅದರೊಳಗೆ ಸೇರಿಸಬಹುದು ಎಂದು ಗೊತ್ತಾದ ದಿನ ಅವರು ಮನೆಗೆ ಊಟಕ್ಕೆ ಹೋಗಲಿಲ್ಲ. “ಒಂದು ಇಮಾನ ಮಾಡ್ಬೇಕು ಕಣವ್ವ. ನೀನು ಟೈಪ್ ಮಾಡ್ಕೊಡ್ತೀಯಾ?” ಎಂದರು. ಅಷ್ಟು ದೀನವಾಗಿ ಅವರು ಏನನ್ನೂ ಕೇಳಿದ್ದಿಲ್ಲ.

ಅಲ್ಲಿಂದ ಒಂದೂವರೆ ವರ್ಷ ಅದೇ ಕೆಲಸ. ಗ್ರಾಫ್ ಹಾಳೆಯ ಮೇಲೆ ವಿಮಾನದ ಒಂದೊಂದು ಭಾಗವನ್ನೂ ನೆನಪಿನಿಂದ ಬರೆಯುವರು. ಪ್ರತಿ ಮೂಲೆಗೂ ಮೂರು ಅಂಕಿ: ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರ. ಅವರು ಓದುವುದು, ನಾನು ಒತ್ತುವುದು. ರೆಕ್ಕೆಯ ರಿವಿಟ್ಟು, ಹತ್ತುವ ಮೆಟ್ಟಿಲಲ್ಲಿ ಬೂಟು ಉಜ್ಜಿ ಬಣ್ಣ ಹೋದ ಜಾಗ, ಎಂಜಿನ್ ಕೆಳಗಿನ ಎಣ್ಣೆ ಕಲೆ, ಸೀಟಿನ ಹೊಲಿಗೆ, ಯಾವುದನ್ನೂ ಬಿಡಲಿಲ್ಲ. ಇಷ್ಟು ಚೆನ್ನಾಗಿ ಒಂದು ವಿಮಾನ ಯಾಕೆ ನೆನಪಿರಬೇಕು ಮನುಷ್ಯನಿಗೆ ಎಂದು ನಾನು ಒಂದೊಂದು ಸಲ ಒತ್ತುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದೆ.

ಒಂದು ದಿನ ಬಾಲದೊಳಗಿನ ಹಾಳೆ ಓದುತ್ತಿದ್ದವರು ಮಧ್ಯದಲ್ಲಿ ಬೇರೊಂದು ಸಣ್ಣ ಹಾಳೆ ತೆಗೆದರು. “ಈ ಭಾಗಕ್ಕೆ ಏನ್ ಹೆಸರು ಕೊಡ್ಲಿ ಮಾವ?” ಎಂದೆ. “ಹನ್ನೆರಡು ಅಂತ ಹಾಕು.” “ಏನದು?” “ಟೈಪ್ ಮಾಡವ್ವ. ಕೇಳ್ಬೇಡ.” ಮಾಡಿದೆ. ಎಣಿಸಿ ಮೂವತ್ತೋ ನಲವತ್ತೋ ಬಿಂದು. ಬಾಲದೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಕಡೆಗೆ ಭಾಗಗಳು ಹೆಚ್ಚಾಗಿ ಕಂಪ್ಯೂಟರ್ ಎಳೆಯಲಾರದೆ ಒದ್ದಾಡತೊಡಗಿತು. ಕಾಣದೆ ಇರುವುದನ್ನು ತೆಗೆದು ಹಗುರ ಮಾಡೋಣ ಎಂದೆ. ಅವರು ಕಾಣುವುದನ್ನೇ ತೆಗೆಸಿದರು. ರೆಕ್ಕೆಯ ಪಟ್ಟೆ ತೆಗೆಸಿದರು, ಸೀಟಿನ ಹೊಲಿಗೆ ತೆಗೆಸಿದರು, ತಿಂಗಳುಗಟ್ಟಲೆ ಕೂತು ಮಾಡಿದ ರಿವಿಟ್ಟುಗಳನ್ನು ಅರ್ಧಕ್ಕರ್ಧ ಅಳಿಸಿದರು. ಹನ್ನೆರಡನ್ನು ಮುಟ್ಟಲು ಬಿಡಲಿಲ್ಲ.

ಇನ್ನೊಂದು ವಿಚಿತ್ರ. ಅಷ್ಟು ಕಷ್ಟಪಟ್ಟು ಮಾಡಿದ ವಿಮಾನವನ್ನು ಅವರು ಒಂದು ದಿನವೂ ಹಾರಿಸಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನೇ ಎಬ್ಬಿಸಿದೆ. ಏರಿತು. ಎಷ್ಟು ಚೆಂದ ಏರಿತು ಅಂತೀರಿ! ಇಳಿಸಲು ನನಗೆ ಬರಲಿಲ್ಲ. ಮೂಗು ಕೆಳಗಾಗಿ ನೆಲಕ್ಕೆ ಬಡಿದು ಪರದೆ ನಿಂತುಹೋಯಿತು. ನಾನು ನಗುತ್ತಾ ತಿರುಗಿದರೆ ಬಾಗಿಲಲ್ಲಿ ಮಾವ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಆ ಹೆಬ್ಬೆರಳು ನಿಂತಿತ್ತು.

“ಎಣಿಸಿದ್ಯಾ?” ಎಂದರು.

“ಏನನ್ನ ಮಾವ?”

“ಹೊರಡೋಕ್ ಮುಂಚೆ ಎಣಿಸಿದ್ಯಾ ಅಂತ ಕೇಳ್ದೆ!” ಕಿರುಚಿದರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಸಿದು ನೀರು ಕೇಳಿದರು. ಈ ಮನುಷ್ಯನೊಳಗೆ ಏನೋ ಕೊಳೆಯುತ್ತಿದೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದರೂ ಕೇಳಲು ಹೆದರಿದೆ.

ವಿಮಾನ ಯಾರಿಗಾಗಿ ಎಂಬುದು ತಿಳಿದದ್ದು ಶ್ರೀರಂಗಪಟ್ಟಣಕ್ಕೆ ಹೋದಾಗ. ಪ್ರತಿ ತಿಂಗಳು ಒಂದು ಭಾನುವಾರ ಅವರು ತೆಂಗಿನಕಾಯಿ ಚೀಲ ಹಿಡಿದು ಅಲ್ಲಿಗೆ ಹೋಗುವುದಿತ್ತು. ಕೋಟೆಯೊಳಗೆ ಒಬ್ಬಂಟಿಯಾಗಿದ್ದ ಒಬ್ಬ ಮುದುಕಿಯ ಮನೆಗೆ. ನಲ್ಲಿ ಸರಿಮಾಡುವುದು, ಫ್ಯಾನಿಗೆ ಎಣ್ಣೆ ಬಿಡುವುದು, ಆಕೆ ಹಾಕಿದ ರೊಟ್ಟಿ ತಿಂದು ಬರುವುದು. ಆಕೆಯ ಒಬ್ಬನೇ ಮಗ ಮಾವನ ಶಾಲೆಯಲ್ಲಿ ವಿಮಾನ ಕಲಿಯುತ್ತಿದ್ದನಂತೆ. ಒಬ್ಬನೇ ಹಾರಿದ ದಿನ ಬಿದ್ದು ಸತ್ತನಂತೆ. “ನನ್ ಮಗ ಕೂತಿದ್ ಇಮಾನ ಎಂಗಿತ್ತು ಅಂತ ಒಂದ್ಸಲ ತೋರ್ಸಪ್ಪ” ಎಂದು ಆಕೆ ಕೇಳಿದ್ದರಂತೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಬಾಡಿಗೆ ಕಾರು ಮಾಡಿಕೊಂಡು, ಮಾನಿಟರನ್ನು ನನ್ನ ತೊಡೆಯ ಮೇಲೆ, ಕಂಪ್ಯೂಟರಿನ ಡಬ್ಬಿಯನ್ನು ಅವರ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ಪಾಂಡವಪುರದಲ್ಲಿ ಕಾಫಿ ಕುಡಿಯೋಣ ಎಂದರೆ ಇಳಿಯಲಿಲ್ಲ. “ಇವತ್ತು ಒಂದ್ ಮಾತು ಯೋಳ್ಬೇಕು ಕಣವ್ವ ಆ ತಾಯ್ಗೆ” ಎಂದಷ್ಟೇ ಅಂದರು.

ಹೋದರೆ ಕರೆಂಟಿಲ್ಲ. ಸಂಜೆವರೆಗೂ ಕಾದೆವು. ಕಪ್ಪು ಪರದೆಯ ಮುಂದೆ ಕೂತು ಆ ತಾಯಿಯೇ ಮಾತಾಡಿದರು. “ಎಲ್ಲಾ ನಮ್ ಹುಡುಗುಂದೇ ತಪ್ಪು ಅಂತ ಆ ಇಸ್ಕೂಲ್ನೋರು ಬರ್ದು ಕಳ್ಸುದ್ರು ಕಣವ್ವ. ಅವರಪ್ಪ ಕಾಗ್ದ ಓದುದ್ರು, ಗೋಡೆ ಮೇಲಿದ್ದ ಮಗನ್ ಫೋಟೋವ ತೆಗ್ದು ಪೆಟ್ಗೆಗಾಕುದ್ರು. ಆಮ್ಯಾಕೆ ಸಾಯೋಗಂಟ ಅವುನ್ ಹೆಸರೆತ್ಲಿಲ್ಲ.” ಮಾವ ತಲೆ ತಗ್ಗಿಸಿ ಎಣಿಸುತ್ತಿದ್ದರು. ಕರೆಂಟು ಬರಲೇ ಇಲ್ಲ. “ಇನ್ನೊಂದಿನ ತತ್ತಾರಪ್ಪ, ಎಲ್ಲೋಯ್ತೀಯ” ಎಂದರು ಆಕೆ. ವಾಪಸು ಬರುವಾಗ ಮಾವನ ಮುಖದಲ್ಲಿ ಬಿಡುಗಡೆಯಾದವನ ಕಳೆ ಇತ್ತು. ಕರೆಂಟಿಗೂ ಮಾತಿಗೂ ಏನು ಸಂಬಂಧ ಎಂದು ನನಗೆ ಕೋಪ ಬಂತು. ಬಾಯಿಬಿಟ್ಟು ಕೇಳಬೇಕಿತ್ತು. ಕೇಳಲಿಲ್ಲ.

ಮುಂದಿನ ತಿಂಗಳು ಎದೆನೋವು ಎಂದು ಆಸ್ಪತ್ರೆ ಸೇರಿದರು. ಗಂಜಿ ತೆಗೆದುಕೊಂಡು ಹೋದ ಬೆಳಗ್ಗೆ ನನ್ನ ಕೈ ಹಿಡಿದುಕೊಂಡರು.

“ಆ ತಾಯ್ ಮಗ ಬಿದ್ದ ದಿನ ಬಾಲ ಬಿಚ್ಚಿ ಕೆಲ್ಸ ಮಾಡಿದ್ದೆ ಕಣವ್ವ. ಹಲಗೆ ಮೇಲೆ ಹನ್ನೊಂದೇ ಇದ್ವು. ಇನ್ನೊಂದ ಪಕ್ಕದವನು ಈಸ್ಕೊಂಡಿರ್ಬೇಕು ಅಂದ್ಕೊಂಡೆ. ಹುಡ್ಗ ಪಕ್ಕದಲ್ಲೇ ನಿಂತಿದ್ದ. ಅಷ್ಟ್ ದೂರದ್ ದೇಸದಲ್ಲಿ ನಮ್ ಕಡೆ ಮಾತಾಡೋನು ಅವ್ನೊಬ್ನೇ. ‘ಅಣ್ಣ, ಮೋಡ ಮುಚ್ಕತಾ ಅದೆ, ಬೇಗ ಸೈನ್ ಹಾಕ್ಕೊಡಣ್ಣ’ ಅಂದ. ಬೇರೆ ಯಾರಾದ್ರೂ ಆಗಿದ್ರೆ ಹುಡುಕ್ತಿದ್ದೆ ಕಣವ್ವ. ನಮ್ಮೋನು ಅಂತ ಹಾಕ್ಕೊಟ್ಟೆ.”

“ಆಮೇಲೆ ವಿಚಾರಣೆಗೆ ಬಂದೋರು ಹಲಗೆ ನೋಡ್ಲಿಲ್ವಾ ಮಾವ?”

“ನೋಡುದ್ರು. ಅಷ್ಟೊತ್ಗೆ ಬಜಾರಿಂದ ಹೊಸ ಸ್ಪ್ಯಾನರ್ ತಂದು ನೇತಾಕ್ಬುಟ್ಟಿದ್ದೆ. ಹನ್ನೆರಡೂ ಅವೆ ಅಂತ ಬರ್ಕಂಡು ಹೋದ್ರು.” ಆಮೇಲೆ, “ಹನ್ನೆರಡನೇದ ಆ ತಾಯ್ಗೆ ತೋರ್ಸ್ಬುಡವ್ವ” ಎಂದರು. ಅದೇ ದಿನ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಕಂಪ್ಯೂಟರ್ ಹಾಕಿ, ಹನ್ನೆರಡು ಎಂಬ ಹೆಸರಿನ ಭಾಗವನ್ನು ಮಾತ್ರ ತೆರೆದೆ. ನಾನೇ ಒತ್ತಿದ ಅಂಕಿಗಳು ಒಂದಕ್ಕೊಂದು ಸೇರಿ ಸಣ್ಣ ಸ್ಪ್ಯಾನರ್ ಆಗಿ ನಿಂತವು. ಬಾಲದೊಳಗೆ, ವಿಮಾನದ ಮೂಗನ್ನು ಮೇಲೆ ಕೆಳಗೆ ತಿರುಗಿಸುವ ತಂತಿಗೆ ಅಡ್ಡವಾಗಿ. ನಿಜಕ್ಕೂ ಅಲ್ಲೇ ಸಿಕ್ಕಿಕೊಂಡಿತ್ತೋ ಇಲ್ಲವೋ ದೇವರೇ ಬಲ್ಲ. ಅವರು ಮಾತ್ರ ಇಪ್ಪತ್ತು ವರ್ಷದ ಮೇಲೂ ಅದನ್ನು ಅಲ್ಲೇ ನೋಡುತ್ತಿದ್ದರು.

ಮತ್ತೆ ಕಾರು ಮಾಡಿಕೊಂಡು ಹೋದೆ. ಈ ಸಲ ಕರೆಂಟಿತ್ತು. ಆ ತಾಯಿ ಪರದೆಯ ಮೇಲೆ ಸೀಟನ್ನು ಬೆರಳಲ್ಲಿ ಸವರಿದರು. “ಇಲ್ಲೇಯಾ ಅವ್ನು ಕೂತಿದ್ದು?” ಎಂದರು. ಹೂಂ ಎಂದೆ. ಆಮೇಲೆ ಹನ್ನೆರಡನ್ನು ತೋರಿಸಿ, ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಆಕೆ “ಎಷ್ಟುದ್ದವ್ವ ಅದು?” ಎಂದರು. ನನ್ನ ಅಂಗೈಯಷ್ಟು ಎಂದೆ. ತಮ್ಮ ಅಂಗೈ ಚಾಚಿ ನೋಡಿಕೊಂಡರು. “ಇಷ್ಟೇಯಾ?”

ಆಮೇಲೆ ಅವರಿಗೆ ಸಿಟ್ಟು ಬಂತು. “ಬಂದಾಗಲೆಲ್ಲ ಇದೇ ಚಾಪೆ ಮೇಲೆ ಕೂತು ನನ್ ಕೈಯಿಂದ ರೊಟ್ಟಿ ಈಸ್ಕೊಂಡು ತಿಂತಿದ್ನಲ್ಲವ್ವ! ಒಂದು ಮಾತು ಯೋಳಕ್ಕೆ ಇಮಾನ ಮಾಡ್ಬೇಕಿತ್ತಾ?” ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ತಿರುಗಿದರು. “ಇವ್ರು ಮಗುಂದೇ ತಪ್ಪು ಅನ್ಕಂಡೇ ಹೋದ್ರು. ಈಗ ಇವ್ರಿಗೆ ಯಾರವ್ವ ಯೋಳೋರು?”

ಎದ್ದು ಹೋಗಿ ಪೆಟ್ಟಿಗೆಯಿಂದ ಮಗನ ಫೋಟೋ ತೆಗೆದುಕೊಟ್ಟರು. ಮೊಳೆ ಹುಡುಕಿ ಅಪ್ಪನ ಪಕ್ಕದಲ್ಲಿ ಹೊಡೆದುಕೊಟ್ಟು ಬಂದೆ.

ಮಿಲ್ಟ್ರಿ ಮಾವನನ್ನು ಕ್ಷಮಿಸಿದ್ದೀಯಾ ಎಂದರೆ ಏನು ಹೇಳಲಿ? ಕಾಣದ ಜಾಗವನ್ನು ಮೊದಲು ಮಾಡಬೇಕು ಎಂದು ಕಲಿಸಿದವರು ಅವರು. ಇವತ್ತು ನಾನು ನಾಲ್ಕು ಜನರಿಂದ ಕೆಲಸಗಾರ್ತಿ ಎನಿಸಿಕೊಂಡಿದ್ದರೆ ಅದು ಅವರ ಋಣ. ಕಲಿಸಿದವರೇ ಅದನ್ನು ಒಂದು ಸಲ ಬಿಟ್ಟರು. ಕೋಪ ಬರುತ್ತದೆ, ಅಳುವೂ ಬರುತ್ತದೆ.

ಅವರ ಹಲಗೆ ಈಗ ನನ್ನ ಇನ್‌ಸ್ಟಿಟ್ಯೂಟಿನ ಗೋಡೆಯ ಮೇಲಿದೆ. ಹನ್ನೊಂದು ಉಪಕರಣ, ಹನ್ನೆರಡು ನೆರಳು. ಬಂದವರು ನೋಡಿ, “ಅದೊಂದು ಜಾಗ ಬೋಳಾಗಿ ಕಾಣುತ್ತಲ್ಲಮ್ಮ, ಬಜಾರಲ್ಲಿ ಸಿಗುತ್ತೆ, ಒಂದು ತಂದು ಹಾಕ್ಬುಡಿ” ಎನ್ನುತ್ತಾರೆ.

“ಒಂದ್ಸಲ ತಂದು ಹಾಕಿ ಆಗಿದೆ ಬುಡಿ” ಎನ್ನುತ್ತೇನೆ.